ನೀರು ಮಾವನದು, ಕೊಳವೆ ಸೊಸೆಯದು

ಮಲ್ಲಿಗೆ ಮೊಗ್ಗಿನ ಬುಟ್ಟಿಯ ಜೊತೆ ಕಂಪ್ಯೂಟರ್ ಕಾರ್ಡುಗಳನ್ನು ಕಳಿಸಬಾರದು. ಯಾವ ಪುಸ್ತಕದಲ್ಲೂ ಬರೆದಿಲ್ಲದ ಈ ಪಾಠವನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೂವಿನಹಡಗಲಿಯಲ್ಲಿ ನಮ್ಮಣ್ಣನದು ಹೂವಿನ ವ್ಯಾಪಾರ. ಮೊಗ್ಗಿನ ಬುಟ್ಟಿಗಳಿಗೆ ಒದ್ದೆ ಬಟ್ಟೆ ಹೊದಿಸಿ ಬೆಳಗಿನ ಮೊದಲ ಬಸ್ಸಿಗೆ ಹರಪನಹಳ್ಳಿಯ ಮೇಲೆ ದಾವಣಗೆರೆಗೆ ಕಳಿಸುತ್ತಿದ್ದ. ನನ್ನ ಕಾರ್ಡುಗಳು ಬೆಂಗಳೂರು ಸೇರಬೇಕಿತ್ತು. ದಾವಣಗೆರೆಯ ಹೂವಿನ ಅಂಗಡಿಯವರು ಅಲ್ಲಿಂದ ಮುಂದೆ ರೈಲಿಗೆ ಹಾಕಿಸುವುದಾಗಿ ಒಪ್ಪಿದ್ದರು. "ಬುಟ್ಟ್ಯಾಗ ಇಡ್ತೀನಿ, ಯಾರೂ ಮುಟ್ಟಂಗಿಲ್ಲ" ಎಂದು ಅಣ್ಣ ಧೈರ್ಯ ಹೇಳಿದ. ಯಾರೂ ಮುಟ್ಟಲಿಲ್ಲ ನಿಜ, ನೀರು ಮುಟ್ಟಿತು. ಕಾರ್ಡುಗಳೆಲ್ಲ ಹಪ್ಪಳದಂತೆ ಸೊಟ್ಟಗಾಗಿ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡವಂತೆ. ಕಟ್ಟು ವಾಪಸು ಬಂದಾಗ ಇನ್ನೂ ಮಲ್ಲಿಗೆಯ ವಾಸನೆ ಹೊಡೆಯುತ್ತಿತ್ತು.

ಕಾರ್ಡು ಎಂದರೆ ಈಗಿನವರಿಗೆ ಹೇಳಬೇಕು. ಕಂಪ್ಯೂಟರಿಗೆ ಹೇಳುವ ಒಂದೊಂದು ಸಾಲನ್ನೂ ಒಂದೊಂದು ಗಟ್ಟಿ ಕಾಗದದ ಮೇಲೆ ತೂತು ಕೊರೆಸಿ ಕೊಡಬೇಕಾದ ಕಾಲ ಅದು. ನಮ್ಮ ಕಡೆಯಿಂದ ಕಳಿಸಿದರೆ ಉತ್ತರ ಬರಲು ವಾರ ಹಿಡಿಯುತ್ತಿತ್ತು, ಕೆಲವೊಮ್ಮೆ ಎರಡು. ಒಂದು ಅಲ್ಪವಿರಾಮ ತಪ್ಪಿದರೆ ಮತ್ತೆ ಅಷ್ಟೇ ಕಾಯಬೇಕು. ತಾಳ್ಮೆ ಇಲ್ಲದ ನನ್ನಂಥವಳಿಗೆ ದೇವರು ಇಂಥ ಕೆಲಸವನ್ನೇ ಕೊಟ್ಟಿದ್ದ.

ನಾನು ಹರಪನಹಳ್ಳಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತ, ಬೆಂಗಳೂರಿನ ಗೈಡ್ ಒಬ್ಬರ ಬಳಿ ಪಿಎಚ್.ಡಿ. ಮಾಡುತ್ತಿದ್ದೆ. ಮೆತ್ತನೆಯ ಕೊಳವೆಯೊಳಗೆ ನೀರು ಹರಿದರೆ ಏನಾಗುತ್ತದೆ ಎಂಬುದು ನನ್ನ ವಿಷಯ. ಕಬ್ಬಿಣದ ಪೈಪಾದರೆ ತಕರಾರಿಲ್ಲ, ಅದು ಇದ್ದ ಹಾಗೇ ಇರುತ್ತದೆ. ರಬ್ಬರಿನ ತೆಳು ಕೊಳವೆ ಹಾಗಲ್ಲ. ನೀರು ಒತ್ತಿದರೆ ಕೊಳವೆ ಹಿಗ್ಗುತ್ತದೆ, ಹಿಗ್ಗಿದ ಕೂಡಲೇ ನೀರಿನ ಒತ್ತಡ ಬದಲಾಗುತ್ತದೆ, ಅದು ಬದಲಾದರೆ ಕೊಳವೆ ಮತ್ತೆ ಬದಲಾಗಬೇಕು. ನಮ್ಮ ಮೈಯೊಳಗಿನ ರಕ್ತನಾಳದ ಕತೆಯೂ ಇದೇ, ಗೈಡ್ ಅವರಿಗೆ ಬೇಕಾಗಿದ್ದದ್ದು ಅದೇ. ನೀರಿನ ಸಮೀಕರಣ ಬೇರೆ, ಕೊಳವೆಯ ಸಮೀಕರಣ ಬೇರೆ. ಎರಡನ್ನೂ ಒಟ್ಟಿಗೆ ಬಿಡಿಸುವಷ್ಟು ಜಾಗ ಆಗಿನ ಕಂಪ್ಯೂಟರಿನಲ್ಲಿ ಇರಲಿಲ್ಲ. ಹಾಗಾಗಿ ಒಂದೊಂದನ್ನೇ ಬಿಡಿಸುವುದು, ನೀರಿನ ಉತ್ತರವನ್ನು ಕೊಳವೆಗೆ, ಕೊಳವೆಯದನ್ನು ನೀರಿಗೆ ಕೊಡುವುದು, ಇಬ್ಬರ ಮಾತೂ ಒಂದಾಗುವ ತನಕ ಹೀಗೇ ಸುತ್ತು ಹೊಡೆಸುವುದು. ಒಂದಾದ ಮೇಲೆ ಮುಂದಿನ ಗಳಿಗೆಯ ಲೆಕ್ಕ.

ಒಂದಾಗುತ್ತಲೇ ಇರಲಿಲ್ಲ. ಅಲ್ಲೇ ನನ್ನ ಗ್ರಹಚಾರ. ಬೆಂಗಳೂರಿನಿಂದ ಬರುವ ಅಗಲ ಕಾಗದದಲ್ಲಿ ಮೊದಲ ಸುತ್ತಿಗೆ ಕೊಳವೆ ತುಸು ಹಿಗ್ಗುತ್ತಿತ್ತು, ಎರಡನೆಯದಕ್ಕೆ ಅದಕ್ಕಿಂತ ಹೆಚ್ಚು ಕುಗ್ಗುತ್ತಿತ್ತು, ಮೂರನೆಯದಕ್ಕೆ ಇನ್ನೂ ಹೆಚ್ಚು ಹಿಗ್ಗುತ್ತಿತ್ತು. ನಲ್ಲಿಯ ಮುಂದೆ ಜಗಳಕ್ಕೆ ನಿಂತ ಇಬ್ಬರಂತೆ ಒಬ್ಬರಿಗಿಂತ ಒಬ್ಬರು ದನಿ ಏರಿಸುತ್ತ ಹೋಗಿ, ಪುಟದ ಕೊನೆಗೆ ಸಂಖ್ಯೆಗಳು ಕಾಗದದಲ್ಲಿ ಹಿಡಿಸದಷ್ಟು ಉದ್ದವಾಗಿ ಯಂತ್ರವೇ ಕೈ ಎತ್ತಿಬಿಡುತ್ತಿತ್ತು. ಕಾಲದ ಹೆಜ್ಜೆಯನ್ನು, ಅಂದರೆ ಒಂದು ಗಳಿಗೆಗೂ ಮುಂದಿನ ಗಳಿಗೆಗೂ ನಡುವಿನ ಅಂತರವನ್ನು, ಸಣ್ಣದು ಮಾಡಿದರೆ ಸರಿಹೋಗುತ್ತದೆಂದು ಪುಸ್ತಕಗಳು ಹೇಳುತ್ತಿದ್ದವು. ನಾನು ಸಣ್ಣದು ಮಾಡಿದಷ್ಟೂ ಜಗಳ ಬೇಗ ಶುರುವಾಗುತ್ತಿತ್ತು. ದಪ್ಪ ಲೋಹದ ಕೊಳವೆ ಎಂದು ಸುಳ್ಳು ಹೇಳಿದರೆ ಮಾತ್ರ ಎಲ್ಲ ಸುಸೂತ್ರ.

ಬೇಸಿಗೆ ರಜೆ ಶುರುವಾಗುವ ಮೊದಲು ಗೈಡ್ ಕರೆಸಿ ಕೂರಿಸಿಕೊಂಡರು. ಒಳ್ಳೆಯ ಮನುಷ್ಯರೇ, ಆದರೆ ಮಾತು ನೇರ. "ತಪ್ಪು ಪ್ರೋಗ್ರಾಮಿನಲ್ಲಿದೆಯೋ ವಿಧಾನದಲ್ಲೇ ಇದೆಯೋ ಮೊದಲು ಪತ್ತೆ ಮಾಡಿ. ಸಣ್ಣದೊಂದು ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಿ. ಕಾಲೇಜು ಶುರುವಾಗುವ ಹೊತ್ತಿಗೂ ಹೀಗೇ ಇದ್ದರೆ ಈ ವಿಷಯ ಬಿಟ್ಟುಬಿಡೋಣ" ಎಂದರು. ಬಿಟ್ಟು ಇನ್ನೊಂದು ಹಿಡಿಯುವಷ್ಟು ಅವಧಿ ವಿಶ್ವವಿದ್ಯಾಲಯದವರು ನನಗೆ ಉಳಿಸಿರಲಿಲ್ಲ. ವಿಷಯ ಬಿಡುವುದೆಂದರೆ ಪಿಎಚ್.ಡಿ.ಯನ್ನೇ ಬಿಟ್ಟಂತೆ. ಇನ್ನೊಂದು ಎಚ್ಚರಿಕೆಯನ್ನೂ ಅವರು ಕೊಟ್ಟರು: ನೀರಿನ ಲೆಕ್ಕ, ಕೊಳವೆಯ ಲೆಕ್ಕ ಎರಡನ್ನೂ ಒಬ್ಬರೇ ಮಾಡಬಾರದು, ಮಾಡಿದರೆ ಕೈ ತನಗೆ ಬೇಕಾದ ಕಡೆ ಜಾರುತ್ತದೆ, ಅದರಲ್ಲೂ ಉತ್ತರ ಕೂಡಲೇಬೇಕೆಂದು ಕಾದಿರುವ ನೀವು ಮಾಡಲೇಬಾರದು.

ಹಡಗಲಿಗೆ ಬಂದು ಅಪ್ಪನ ಮುಂದೆ ಕುಳಿತು ಗೋಳು ತೋಡಿಕೊಂಡೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಅರ್ಧ ಊರಿಗೆ ಲೆಕ್ಕ ಕಲಿಸಿದವರು, ಉಳಿದರ್ಧದ ಕಿವಿ ಹಿಂಡಿದವರು.

"ನಮ್ಮ ತ್ವಾಟದಾಗ ಕ್ಯಾನ್ವಾಸ್ ಪೈಪು ಐತಲ್ಲಪ್ಪಾ, ಮೋಟ್ರು ಹಾಕಿದ ಕೂಡ್ಲೆ ಉಬ್ಬಿ ಹೊಳ್ಳಾಡ್ತೈತಿ ನೋಡ್ರಿ, ಅದರ ಲೆಕ್ಕ" ಎಂದೆ.

"ಹಂಗಂದ್ರ ತಿಳೀತು. ನೀರಿಂದು ನನಗ ಕೊಡು" ಎಂದರು. ಲಾಗ್ ಟೇಬಲ್ ಪುಸ್ತಕ ಆಗಲೇ ಅವರ ಕೈಯಲ್ಲಿತ್ತು.

ಕೊಳವೆಯದಕ್ಕೆ ಯಾರು? ಅಣ್ಣನಿಗೆ ಹೂವಿನ ತೂಕ ಬಿಟ್ಟರೆ ಬೇರೆ ಲೆಕ್ಕ ಬೇಡ. ಒಳಗೆ ರೊಟ್ಟಿ ತಟ್ಟುತ್ತಿದ್ದ ಅತ್ತಿಗೆಯ ನೆನಪಾಯಿತು. ಅತ್ತಿಗೆ ಕೂಡ್ಲಿಗಿಯವರು. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡು ಪಾಸಾದ ಮರುವರ್ಷವೇ ನಮ್ಮ ಮನೆಗೆ ಬಂದಿದ್ದರು. ಕಾಲೇಜಿನಿಂದ ನಾನು ಕೇಳಿ ತಂದಿದ್ದ, ಹಿಡಿಕೆ ತಿರುವಿ ಗುಣಾಕಾರ ಭಾಗಾಕಾರ ಮಾಡುವ ಯಂತ್ರವನ್ನು ಅವರ ಮುಂದಿಟ್ಟು ತೋರಿಸಿದೆ. ಹಿಟ್ಟಿನ ಕೈ ತೊಳೆದುಕೊಂಡು ಬಂದು ಒಂದೆರಡು ಸಲ ತಿರುವಿ ನೋಡಿ, "ಬೀಸೋ ಕಲ್ಲಿನಕಿಂತ ಹಗುರ ಐತಿ" ಎಂದರು.

ಇಲ್ಲಿ ನಮ್ಮ ಮನೆಯ ರೀತಿಯೊಂದನ್ನು ಹೇಳಬೇಕು. ಅತ್ತಿಗೆ ಅಪ್ಪನ ಎದುರು ಮಾತಾಡುತ್ತಿರಲಿಲ್ಲ. ಕೋಪವಲ್ಲ, ಹೆದರಿಕೆಯೂ ಅಲ್ಲ, ನಮ್ಮಲ್ಲಿ ಸೊಸೆಯಾದವಳು ಮಾವನಿಗೆ ತೋರುವ ಮರ್ಯಾದೆ ಅದು. ಅಪ್ಪನೂ ಹಾಗೇ. ಅತ್ತಿಗೆ ಮೂರು ಮಾರು ದೂರದಲ್ಲೇ ನಿಂತಿದ್ದರೂ ನನ್ನ ಕಡೆ ತಿರುಗಿ "ಚಾ ಆತೇನು ಕೇಳವ್ವಾ" ಎನ್ನುವರು. ಅತ್ತಿಗೆ ನನ್ನ ಕಡೆ ತಿರುಗಿ "ಆಗೈತಿ ಅಂತ ಹೇಳ್ರಿ" ಎನ್ನುವರು. ಅಮ್ಮ ಹೋದ ಮೇಲೆ, ನಾನೂ ಅಣ್ಣನೂ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಇಬ್ಬರೂ ಬೆಕ್ಕಿಗೋ ಕಂಬಕ್ಕೋ ಹೇಳಿ ಸಂಸಾರ ನಡೆಸುತ್ತಿದ್ದರೆಂದು ಕಾಣುತ್ತದೆ.

ಈ ಇಬ್ಬರ ನಡುವೆ ನನ್ನ ಲೆಕ್ಕ, ಕೊಳವೆಯನ್ನು ಐದೇ ತುಂಡು ಮಾಡಿದ ಸಣ್ಣ ಲೆಕ್ಕ, ಸುತ್ತು ಹೊಡೆಯಬೇಕಿತ್ತು. ಅಪ್ಪ ಹೊರಗಿನ ಪಡಸಾಲೆಯಲ್ಲಿ, ಅತ್ತಿಗೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ನಡುವೆ ಒಂದು ಗೋಡೆ, ಗೋಡೆಯಲ್ಲಿ ಎರಡೂ ಕಡೆ ತೆರೆದ, ದೀಪ ಇಡುವ ಗೂಡು. ಅಪ್ಪ ಕೊಳವೆ ಎಷ್ಟು ಹಿಗ್ಗಿದೆ ಎಂದು ಮೊದಲು ಒಂದು ಅಂದಾಜು ಬರೆದು, ಅದರ ಕೆಳಗೆ ನೀರಿನ ಒತ್ತಡ ಲೆಕ್ಕ ಹಾಕಿ, ಚೀಟಿಯನ್ನು ಗೂಡಿನಲ್ಲಿಟ್ಟು ಕೆಮ್ಮುವರು. ಅತ್ತಿಗೆ ಅದನ್ನು ಒಯ್ದು, ಆ ಒತ್ತಡಕ್ಕೆ ಕೊಳವೆ ನಿಜವಾಗಿ ಎಷ್ಟು ಹಿಗ್ಗುತ್ತದೆ ಎಂದು ಕರಕರ ಯಂತ್ರ ತಿರುವಿ, ಉತ್ತರದ ಚೀಟಿ ಇಟ್ಟು ಬಳೆ ಸಪ್ಪಳ ಮಾಡುವರು. ಅಪ್ಪ ಆ ಉತ್ತರವನ್ನು ಹೊಸ ಚೀಟಿಯ ನೆತ್ತಿಗೆ ತಮ್ಮ ದುಂಡನೆಯ ಅಕ್ಷರದಲ್ಲಿ ಇಳಿಸಿಕೊಂಡು ಮತ್ತೆ ಒತ್ತಡ ತೆಗೆಯುವರು. ಮಧ್ಯಾಹ್ನದ ಉರಿಬಿಸಿಲಿಗೆ ಊರೆಲ್ಲ ಬಾಗಿಲು ಮುಂದೆ ಮಾಡಿ ಮಲಗಿದ್ದಾಗ ನಮ್ಮ ಮನೆಯಲ್ಲಿ ಕೆಮ್ಮು, ಬಳೆ, ಕೆಮ್ಮು, ಬಳೆ. ಮಾತಿನ ಹಂಗಿಲ್ಲದೆ ಮಾವ ಸೊಸೆ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲಿರಬೇಕು. ಅತ್ತಿಗೆಯ ಮುಖದಲ್ಲಿ ಒಂದು ಕಳೆ ಬಂದಿತ್ತು. ಒಲೆಯ ಮುಂದೆಯೂ ತುಟಿಯಲ್ಲಿ ಏನೋ ಗುಣಿಸಿಕೊಳ್ಳುತ್ತಿದ್ದರು.

ಲೆಕ್ಕ ಕೂಡಿತು! ನಾಲ್ಕೈದು ಸುತ್ತಿಗೆ ಸಂಖ್ಯೆಗಳು ಅಲುಗಾಡುವುದನ್ನು ನಿಲ್ಲಿಸಿ, ನೀರೂ ಕೊಳವೆಯೂ ಒಂದೇ ಮಾತು ಆಡಿದವು. ಮುಂದಿನ ಗಳಿಗೆಯದೂ ಕೂಡಿತು, ಅದರ ಮುಂದಿನದೂ ಕೂಡಿತು. ಅಪ್ಪ ಚೀಟಿಗಳನ್ನು ನನ್ನ ಮುಂದೆ ಹರಡಿ, "ನಿಮ್ಮ ಬೆಂಗಳೂರು ಮಷಿನ್ನಿಗೆ ಹೇಳು, ಹಡಗಲ್ಯಾಗ ಲೆಕ್ಕ ಬರೋರು ಅದಾರ ಅಂತ" ಎಂದು ಮೀಸೆ ಸವರಿಕೊಂಡರು.

ನಾನೂ ಹಿಗ್ಗಿದೆ. ವಿಧಾನ ಸರಿಯಿದೆ ಎಂದಾಯಿತು, ಅಂದಮೇಲೆ ತಪ್ಪು ಪ್ರೋಗ್ರಾಮಿನಲ್ಲೇ ಇರಬೇಕು. ಕಾರ್ಡುಗಳ ಪಟ್ಟಿ ಹಿಡಿದು ಕುಳಿತೆ. ಒಂದೊಂದು ಸಾಲನ್ನೂ ಮೇಲಿನಿಂದ ಕೆಳಕ್ಕೆ ನೋಡಿದೆ, ಕೆಳಗಿನಿಂದ ಮೇಲಕ್ಕೆ ನೋಡಿದೆ. ಅನುಮಾನ ಬಂದ ಸಾಲುಗಳನ್ನು ಬದಲಿಸಿ, ಐದು ತುಂಡಿನ ಲೆಕ್ಕವನ್ನೂ ಜೊತೆಗೆ ಸೇರಿಸಿ, ಈ ಸಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬುಟ್ಟಿಗಳಿಂದ ದೂರ ಡ್ರೈವರ್ ಪಕ್ಕದಲ್ಲಿಟ್ಟು ಕಳಿಸಿದೆ. ಉತ್ತರ ಬಂತು. ಎರಡರಲ್ಲೂ ಅದೇ ಜಗಳ, ಅದೇ ಉದ್ದುದ್ದ ಸಂಖ್ಯೆಗಳು. ಮತ್ತೆ ಹುಡುಕಿದೆ, ಮತ್ತೆ ಕಳಿಸಿದೆ, ಮತ್ತೆ ಅದೇ. ಮೇ ತಿಂಗಳು ಮುಗಿಯುತ್ತ ಬಂತು. ಮಾತೆತ್ತಿದರೆ ಹರಿಹಾಯುತ್ತಿದ್ದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟ ಅಣ್ಣನ ಮೇಲೂ ರೇಗಿದೆ, ಆಮೇಲೆ ಅಷ್ಟನ್ನೂ ನಾನೇ ತಿಂದೆ.

ಕೊನೆಗೆ, ಕೈಲೆಕ್ಕದ ಒಂದೇ ಒಂದು ಸುತ್ತನ್ನು ಬೆಂಗಳೂರಿನ ಯಂತ್ರದ ಉತ್ತರದ ಜೊತೆ ಅಂಕಿಗೆ ಅಂಕಿ ಇಟ್ಟು ನೋಡೋಣ ಎಂದುಕೊಂಡು ಅತ್ತಿಗೆಯ ಪಕ್ಕ ಕುಳಿತೆ. ಅಪ್ಪ ಬೆಂಗಳೂರಿನ ಕಾಗದದಲ್ಲಿದ್ದ ಅಂದಾಜನ್ನೇ ಹಿಡಿದು ಹೊಸದಾಗಿ ಒಂದು ಚೀಟಿ ಬರೆದು ಗೂಡಿನಲ್ಲಿಟ್ಟು ಕೆಮ್ಮಿದರು. ಅತ್ತಿಗೆ ಯಂತ್ರ ತಿರುವಿದರು. ಉತ್ತರ ಬಂತು. ನಾನು ಬೆಂಗಳೂರಿನ ಕಾಗದ ನೋಡಿದೆ, ಅಲ್ಲಿದ್ದದ್ದೂ ಅದೇ! ಬೆಂಗಳೂರಿನ ಯಂತ್ರ ಸರಿಯಿದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಚೀಟಿಯ ಮೇಲೆ ಬೇರೊಂದು ಸಂಖ್ಯೆ ಬರೆದು ಗೂಡಿನ ಕಡೆ ಕೈ ಚಾಚಿದರು. ನಾನು ಆ ಕೈ ಹಿಡಿದುಕೊಂಡೆ.

"ಅತ್ತಿಗಿ, ಮಷಿನ್ನಿನಾಗ ಬಂದದ್ದೊಂದು, ನೀವು ಬರದದ್ದೊಂದು. ಇದೇನ್ರಿ?"

ಅತ್ತಿಗೆ ಸೆರಗು ಎಳೆದುಕೊಂಡರು. "ಅರ್ಧ ಬರದೀನ್ರಿ."

"ಏನರ್ಧ?"

"ಮಾವಾರು ಇಷ್ಟು ಹಿಗ್ಗೈತಿ ಅಂತ ಬರದಾರ. ನನಗ ನೋಡಿದ್ರ ಕುಗ್ಗೈತಿ ಅಂತ ಬರ್ತೈತಿ. ಅವ್ರ ಕೈಲೆ ಬರದದ್ದನ್ನ ನಾ ಪೂರಾ ತಿರುವಿ ಹಾಕಿ ಕಳಿಸಿದ್ರ, ನಿಮ್ದು ತಪ್ಪೈತಿ ಅಂತ ಮುಖಕ್ಕ ಹೇಳಿದಂಗ ಆಗಂಗಿಲ್ಲೇನ್ರಿ? ಅದಕ್ಕ ಅವ್ರದಕ್ಕೂ ನಂದಕ್ಕೂ ನಡುವ ಬಂದು ಬರೀತೀನಿ. ಮತ್ತ ಅವ್ರೂ ಒಂದೀಟು ಈ ಕಡಿಗೆ ಬರ್ತಾರ."

"ಮೊದಲಿಂದ್ಲೂ ಹಿಂಗ?"

"ಮೊದಲಿಂದ್ಲೂ ಹಿಂಗರಿ."

ನನ್ನ ತಲೆ ಕೆಟ್ಟಿತು. ಎಂಥ ದನಿಯಲ್ಲಿ ಕಿರುಚಿದೆನೆಂದರೆ ಪಕ್ಕದ ಮನೆಯವರು ಹಿತ್ತಲ ಬಾಗಿಲು ತೆರೆದರು. ಇದು ಲೆಕ್ಕ, ಬೀಗರ ಮನೆಯ ಮಾತುಕತೆಯಲ್ಲ, ನಿಮ್ಮ ಮರ್ಯಾದೆಗೆ ನನ್ನ ಇಡೀ ಬೇಸಿಗೆ ಮಣ್ಣುಪಾಲಾಯಿತು, ಇಲ್ಲದ ತಪ್ಪನ್ನು ಹುಡುಕುತ್ತ ಕಣ್ಣು ಕಳೆದುಕೊಂಡೆ ಎಂದೆಲ್ಲ ಅಂದೆ. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಯಂತ್ರವನ್ನು ಮೆಲ್ಲಗೆ ನನ್ನ ಕಡೆ ಸರಿಸಿ ಎದ್ದು ಒಳಗೆ ಹೋದರು.

ಪಡಸಾಲೆಯಿಂದ ಅಪ್ಪ "ಏನಾತವ್ವಾ?" ಎಂದರು. ಹೇಳಿದೆ. ಅವರಿಗೂ ಸಿಟ್ಟು ಬರುತ್ತದೆಂದು ಕಾದೆ. ಅವರು ಕನ್ನಡಕ ತೆಗೆದು ಒರೆಸುತ್ತ, ಶಾಲೆಯ ಹುಡುಗರನ್ನು ಕೇಳುವ ದನಿಯಲ್ಲಿ ಕೇಳಿದರು: "ಆಕಿ ತಪ್ಪು ಬರದಿದ್ರ ಲೆಕ್ಕ ಹೆಂಗ ಕೂಡಿತು?"

ಕೊಳವೆಯ ಕೆಲಸಕ್ಕೆ ನಾನೇ ಕುಳಿತು, ಅರ್ಧ ಗಿರ್ಧ ಇಲ್ಲದೆ ಬಂದ ಉತ್ತರವನ್ನು ಪೂರ್ತಿಯಾಗಿ ಅಪ್ಪನಿಗೆ ಕೊಟ್ಟೆ. ಮೂರನೆಯ ಸುತ್ತಿಗೇ ಜಗಳ ಶುರುವಾಯಿತು, ಥೇಟ್ ಬೆಂಗಳೂರಿನಂತೆ. ಪ್ರೋಗ್ರಾಮಿನಲ್ಲಿ ತಪ್ಪೇ ಇರಲಿಲ್ಲ. ವಿಧಾನವೇ ಹಾಗೆ. ಹಗುರ ಕೊಳವೆ, ಭಾರದ ನೀರು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಿಂದಲ್ಲಿಗೆ ಪೂರ್ತಿ ತಿರುಗಿಸಿದರೆ ಪ್ರತಿ ಸಲವೂ ಗುರಿ ದಾಟಿ ಆಚೆ ಬೀಳುತ್ತಾರೆ. ನಡುವೆ ನಿಂತು ನಿಂತು ಬಂದರೆ ಕೂಡುತ್ತಾರೆ. ಮತ್ತೆ ಅರ್ಧ ಚೀಟಿ ಕೊಟ್ಟು ನೋಡಿದೆ. ಕೂಡಿತು. ಕೂಡಿದ ಉತ್ತರ ಸುಳ್ಳೂ ಅಲ್ಲ, ಏಕೆಂದರೆ ಕೊನೆಯಲ್ಲಿ ಇಬ್ಬರ ನಡುವೆ ಅಂತರವೇ ಇರುವುದಿಲ್ಲ, ಇಲ್ಲದ ಅಂತರದಲ್ಲಿ ಅರ್ಧವೆಲ್ಲಿಂದ ಬರಬೇಕು? ದಾರಿ ಬೇರೆಯಾದರೂ ಊರು ಒಂದೇ. ಇದಕ್ಕೆ ಪುಸ್ತಕದಲ್ಲಿ ಒಂದು ಹೆಸರೂ ಇತ್ತು. ಬೇರೆ ಬಗೆಯ ಸಮೀಕರಣಗಳ ಅಧ್ಯಾಯದಲ್ಲಿ ಅದನ್ನು ಓದಿ, ಪರೀಕ್ಷೆ ಬರೆದು, ಪಾಠವನ್ನೂ ಮಾಡಿ ನಾನು ಮರೆತಿದ್ದೆ. ಅತ್ತಿಗೆಗೆ ಅದರ ಗಂಧಗಾಳಿಯೂ ಇರಲಿಲ್ಲ, ಮಾವನವರಿಗೆ ಎದುರಾಡಬಾರದು ಎಂಬುದಷ್ಟೇ ಗೊತ್ತಿತ್ತು.

ಒಳಗೆ ಓಡಿ, "ಅತ್ತಿಗಿ, ನೀವು ಮಾಡಿದ್ದ ಸರಿ ಐತಿ, ನಂದ ತಪ್ಪು!" ಎಂದೆ. ಅವರು ಅಕ್ಕಿ ಆರಿಸುತ್ತಿದ್ದರು. "ಹಂಗಂತೀರಿ. ಮಷಿನ್ ಏನಂತೈತೋ" ಎಂದರು. ಮೊರದಿಂದ ಕಣ್ಣೆತ್ತಲಿಲ್ಲ. ನಾನು ಎಷ್ಟು ಬಿಡಿಸಿ ಹೇಳಿದರೂ ಅಷ್ಟೇ. ತಮ್ಮನ್ನು ಸಮಾಧಾನ ಮಾಡಲು ಹೇಳುತ್ತಿದ್ದೇನೆ ಎಂದು ಅವರು ತಿಳಿದದ್ದು ಕಾಣುತ್ತಿತ್ತು.

ಪ್ರೋಗ್ರಾಮಿನಲ್ಲಿ ಬದಲಾಗಬೇಕಿದ್ದದ್ದು ಒಂದೇ ಕಾರ್ಡು. ಹಳೆಯದಕ್ಕೂ ಹೊಸದಕ್ಕೂ ನಡುವಿನದನ್ನು ತೆಗೆದುಕೋ ಎಂಬ ಒಂದು ಸಾಲು. ಅದನ್ನು ಬರೆದು, ಗೈಡ್ ಅವರಿಗೊಂದು ಕಾಗದವಿಟ್ಟು ಕಳಿಸಿದೆ. ಆಮೇಲೆ ಕಾದದ್ದು ಆ ಬೇಸಿಗೆಯಲ್ಲೇ ದೊಡ್ಡ ಶಿಕ್ಷೆ. ಕೈಯಲ್ಲಿ ಮಾಡಿದ್ದು ಕೊಳವೆಯ ಐದು ತುಂಡುಗಳ ಲೆಕ್ಕ, ಕಂಪ್ಯೂಟರಿನಲ್ಲಿ ಈಗ ಕೂಡಬೇಕಿದ್ದದ್ದು ಉದ್ದನೆಯ ಇಡೀ ಕೊಳವೆಯದು. ಅಲ್ಲೂ ಕೂಡುತ್ತದೆಂದು ಗ್ಯಾರಂಟಿ ಏನು? ಕಾಲೇಜು ಶುರುವಾಗಲು ಇನ್ನು ಕೆಲವೇ ದಿನ. ಬಸ್ಸು ಬರುವ ಹೊತ್ತಿಗೆಲ್ಲ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಕಂಡಕ್ಟರು ದೂರದಿಂದಲೇ ಕೈಯಾಡಿಸಿ "ಬಂದಿಲ್ರಿ ಮೇಡಂ" ಎನ್ನುತ್ತಿದ್ದ.

ಬಂತು. ದಾವಣಗೆರೆಯಿಂದ ವಾಪಸಾದ ಖಾಲಿ ಬುಟ್ಟಿಗಳ ಜೊತೆ ಗೋಣಿದಾರ ಕಟ್ಟಿದ ಕಟ್ಟು. ಸ್ಟ್ಯಾಂಡಿನ ಕಟ್ಟೆಯ ಮೇಲೆಯೇ ಕುಳಿತು ಹಲ್ಲಿನಿಂದ ದಾರ ಕಿತ್ತೆ. ಮೊದಲ ಪುಟದಲ್ಲಿ ಹಿಗ್ಗು, ಕುಗ್ಗು, ಸಣ್ಣ ಹಿಗ್ಗು, ಇನ್ನೂ ಸಣ್ಣ ಕುಗ್ಗು, ಆಮೇಲೆ ಒಂದೇ ಸಂಖ್ಯೆ ಕೆಳಗಿನ ತನಕ. ಎರಡನೆಯ ಪುಟ ಹಾಗೇ. ಕೊನೆಯ ಪುಟ ಹಾಗೇ. ಎಲ್ಲೂ ಕೈ ಎತ್ತಿರಲಿಲ್ಲ. ಗೈಡ್ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಮುಂದುವರಿಸಿ' ಎಂದು ಬರೆದಿದ್ದರು. ಎದೆಯ ಮೇಲೆ ಕುಳಿತಿದ್ದವರು ಯಾರೋ ಎದ್ದು ಹೋದ ಹಾಗಾಯಿತು. ನಾಚಿಕೆಯಿಲ್ಲದೆ ಅಲ್ಲೇ ಅತ್ತೆ. ಚಿಗಟೇರಿಯ ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು, "ಯಾರು ಹ್ವಾದ್ರವ್ವಾ?" ಎಂದು ಕೇಳಿದಳು. "ಯಾರೂ ಹೋಗಿಲ್ಲಮ್ಮ, ಎಲ್ಲಾ ಉಳದಾರ" ಎಂದು ಹೇಳಿ ಮನೆಗೆ ಓಡಿದೆ.

ಅಪ್ಪ ಕಾಗದದ ಮೇಲೆ ಬೆರಳಿಟ್ಟು ಒಂದು ಪುಟ ಪೂರ್ತಿ ಓದಿ, ಹಣೆಯ ವಿಭೂತಿ ಮುಟ್ಟಿಕೊಂಡರು. ಅತ್ತಿಗೆ ಕೋಣೆಯಲ್ಲಿದ್ದರು. ನಾನು ಬಾಗಿಲಲ್ಲಿ ನಿಂತು ಕಾಗದ ಆಡಿಸಿದೆ.

"ಮಷಿನ್ ಏನಂತ್ರಿ?" ಎಂದರು.

"ನೀವು ಅಂದದ್ದನ್ನ ಅಂತು."

"ಚ್ಯಾಷ್ಟಿ ಮಾಡಬ್ಯಾಡ್ರಿ. ಖರೇ ಹೇಳ್ರಿ. ನನ್ನಿಂದ ನಿಮ್ಮ ಓದು ಕೆಟ್ಟಿಲ್ಲ?"

"ಕೆಟ್ಟಿಲ್ಲ ಅತ್ತಿಗಿ. ಉಳದದ್ದ ನಿಮ್ಮಿಂದ."

ಅವರು ಕಾಗದದ ಕಡೆ ಒಮ್ಮೆ ನೋಡಿದರು. ಆಮೇಲೆ ಗೋಡೆಗೊರಗಿ ಮೆಲ್ಲಗೆ ನೆಲಕ್ಕೆ ಕುಳಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ಹಂಗಾರ ನಾ ಕೂಡ್ಲಿಗಿಗೆ ಹೋಗಾದು ಬ್ಯಾಡ" ಎಂದರು.

ಆಗ ನನ್ನ ಕಣ್ಣಿಗೆ ಮಂಚದ ಪಕ್ಕದ ಟ್ರಂಕು ಬಿತ್ತು. ಆಮೇಲೆ ತಿಳಿದಂತೆ, ನಾನು ಕಿರುಚಿದ ದಿನವೇ ಅವರು ಸೀರೆಗಳನ್ನು ಮಡಿಚಿ ತುಂಬಿಟ್ಟಿದ್ದರು. ಲೆಕ್ಕ ಕೆಟ್ಟಿತೆಂಬ ಸುದ್ದಿ ಬಂದ ದಿನ ಮಾವನವರಿಗೆ ಮುಖ ತೋರಿಸದೆ ತವರಿಗೆ ಹೋಗಿಬಿಡುವುದೆಂದು ಗಟ್ಟಿ ಮಾಡಿಕೊಂಡು, ಅಣ್ಣನಿಗೂ ಹೇಳದೆ, ನನ್ನ ಬಸ್ಸನ್ನು ಅವರೂ ಕಾಯುತ್ತಿದ್ದರು. ಕಾಗದವನ್ನು ಅಲ್ಲೇ ಬಿಟ್ಟು ಅವರ ಪಕ್ಕ ಕುಳಿತೆ. ಸ್ವಲ್ಪ ಹೊತ್ತಿಗೆ ಅವರೇ ಕಣ್ಣೊರೆಸಿಕೊಂಡು, ಟ್ರಂಕಿನ ಚಿಲಕ ಬಿಗಿಯಾಗಿದೆ, ನೀವೊಂದು ಕೈ ಹಿಡೀರಿ ಎಂದರು. ಇಬ್ಬರೂ ಸೇರಿ ಎಳೆದು ತೆಗೆದು, ಸೀರೆಗಳನ್ನು ಒಂದೊಂದಾಗಿ ಮತ್ತೆ ಬಟ್ಟೆ ಹಾಕುವ ಗಳಕ್ಕೆ ಹಾಕಿದೆವು.